ಲ್ಯಾಪ್‌ಟಾಪ್ ನಿಧಾನವಾಯಿತೆಂದು ಸಾಲ ಮಾಡುವ ಮುನ್ನ



ಈಚೆಗೆ ನಾವು ಒಂದು ಸಂಘದ ವಾರದ ಸಭೆಗೆ ಹೋಗಿದ್ದೆವು. ಉಳಿತಾಯ ಕಟ್ಟಿ ಮುಗಿದ ಮೇಲೆ ಒಬ್ಬ ಸದಸ್ಯೆ 36,000 ರೂಪಾಯಿ ಸಾಲ ಬೇಕೆಂದು ಕೇಳಿದರು. ಮಗಳ ಲ್ಯಾಪ್‌ಟಾಪ್ ಕೆಟ್ಟಿದೆ, ಡಿಗ್ರಿಯ ಕೊನೆ ವರ್ಷ, ಪ್ರಾಜೆಕ್ಟ್ ಬರೆಯಬೇಕು, ಅಂಗಡಿಯವರು ಹೊಸದು ತಗೊಳ್ಳಿ ಅಂದಿದ್ದಾರೆ. ಮಕ್ಕಳ ಓದಿಗೆ ಅಂದರೆ ನಮ್ಮ ಸಂಘಗಳಲ್ಲಿ ಬೇಡ ಅನ್ನುವವರು ಯಾರೂ ಇಲ್ಲ. ನಿರ್ಣಯ ಪುಸ್ತಕ ತೆರೆದೂ ಆಗಿತ್ತು. ಕೆಟ್ಟಿದೆ ಅಂದರೆ ಏನು, ಆನ್ ಆಗುವುದೇ ಇಲ್ಲವೇ ಎಂದು ನಾವು ಕೇಳಿದೆವು.

"ಆಗ್ತದೆ ಮೇಡಂ. ಆದ್ರೆ ಸ್ವಿಚ್ ಒತ್ತಿ ಅನ್ನಕ್ಕೆ ಇಟ್ರೆ ಗಂಜಿ ಬಸಿಯುವ ಹೊತ್ತಿಗೆ ಸ್ಕ್ರೀನ್ ಬರ್ತದೆ. ಆಮೇಲೆ ಏನು ಒತ್ತಿದ್ರೂ ಕಲ್ಲಿನ ಹಾಗೆ ಕೂತಿರ್ತದೆ."

ತಡವಾಗಿಯಾದರೂ ಆನ್ ಆಗಿ ಕೆಲಸ ಮಾಡುವ ಲ್ಯಾಪ್‌ಟಾಪನ್ನು ಮೂಲೆಗೆ ಹಾಕುವ ಮುಂಚೆ ಒಮ್ಮೆ ಬಿಚ್ಚಿ ನೋಡಬೇಕು ಎನ್ನುವುದು ನಮ್ಮ ಅಭಿಪ್ರಾಯ. ಅಲ್ಲೇ ಕೂತು ಲೆಕ್ಕ ಹಾಕಿದೆವು. 36,000 ರೂಪಾಯಿಗೆ ತಿಂಗಳಿಗೆ ನೂರಕ್ಕೆ 2 ರೂಪಾಯಿ ಬಡ್ಡಿ, 12 ಕಂತು. ಅಸಲು ತೀರಿದ ಹಾಗೆ ಬಡ್ಡಿ ಇಳಿಯುತ್ತಾ ಹೋದರೂ ಒಟ್ಟು ಬಡ್ಡಿಯೇ 4,680 ರೂಪಾಯಿ. ಈ ಬಡ್ಡಿಯ ಹಣದಲ್ಲೇ ಹಳೆಯದು ಸರಿಹೋದರೆ? ಸಾಲದ ವಿಷಯ ಮುಂದಿನ ವಾರಕ್ಕೆ ಇಟ್ಟುಕೊಳ್ಳೋಣ ಎಂದು ಅವರೇ ತೀರ್ಮಾನಿಸಿದರು.

ಲ್ಯಾಪ್‌ಟಾಪ್ ಯಾಕೆ ನಿಧಾನವಾಗುತ್ತದೆ ಎಂದು ತಿಳಿಯಲು ನಮ್ಮ ಅಡುಗೆಮನೆ ಸಾಕು. ಒಳಗೆ ಒಂದು ಉಗ್ರಾಣ ಇದೆ, ಅದು ಡಿಸ್ಕ್. ಫೋಟೊ, ಲೆಕ್ಕ, ಪ್ರೋಗ್ರಾಂ ಎಲ್ಲ ಅಲ್ಲಿರುತ್ತವೆ. ಎದುರಿಗೆ ಒಂದು ಅಡುಗೆಕಟ್ಟೆ ಇದೆ, ಅದು ರ‍್ಯಾಮ್. ಈಗ ಮಾಡುತ್ತಿರುವ ಕೆಲಸದ ಸಾಮಾನು ಮಾತ್ರ ಉಗ್ರಾಣದಿಂದ ಕಟ್ಟೆಗೆ ಬರುತ್ತದೆ. ಅಡುಗೆ ಮಾಡುವವಳು ಪ್ರೊಸೆಸರ್. ಕಟ್ಟೆ ಚಿಕ್ಕದಾದರೆ ಏನಾಗುತ್ತದೆ? ಒಂದು ಪಾತ್ರೆ ಇಡಲು ಇನ್ನೊಂದನ್ನು ಉಗ್ರಾಣಕ್ಕೆ ಹೊತ್ತು ಹಾಕಬೇಕು, ಬೇಕಾದಾಗ ಮತ್ತೆ ತರಬೇಕು. ಓಡಾಟದಲ್ಲೇ ಹೊತ್ತು ಹೋಗುತ್ತದೆ, ಸಾರು ಕುದಿಯುವುದಿಲ್ಲ. ಲ್ಯಾಪ್‌ಟಾಪ್ ಕಲ್ಲಿನ ಹಾಗೆ ಕೂತಿದೆ ಎನ್ನುವಾಗ ಒಳಗೆ ಹೆಚ್ಚಿನ ಸಲ ಈ ಓಡಾಟವೇ ನಡೆದಿರುತ್ತದೆ. ಆ ಹೊತ್ತಿನಲ್ಲಿ ಸಿಟ್ಟಿನಿಂದ ಹತ್ತು ಸಲ ಕ್ಲಿಕ್ ಮಾಡಿದರೆ ಅಡುಗೆಯವಳಿಗೆ ಇನ್ನೂ ಹತ್ತು ಕೆಲಸ ಹೇಳಿದ ಹಾಗೆ. ಎರಡು ಮೂರು ನಿಮಿಷ ಸುಮ್ಮನಿರಿ. ಏನೂ ಆಗದಿದ್ದರೆ ಪವರ್ ಬಟನ್ ಅನ್ನು ಹತ್ತು ಸೆಕೆಂಡು ಒತ್ತಿ ಹಿಡಿದು ಆಫ್ ಮಾಡಬಹುದು. ಆದರೆ ಸೇವ್ ಮಾಡದೆ ಇದ್ದದ್ದು ಹೋಗುತ್ತದೆ, ಆದ್ದರಿಂದ ಇದನ್ನು ದಿನನಿತ್ಯದ ಅಭ್ಯಾಸ ಮಾಡಿಕೊಳ್ಳಬಾರದು.

ಮೊದಲು ರೀಸ್ಟಾರ್ಟ್ ಮಾಡಿ. "ದಿನಾ ರಾತ್ರಿ ಬಂದ್ ಮಾಡ್ತೇವಲ್ಲ" ಎಂದು ಕೇಳಬಹುದು. ವಿಂಡೋಸ್ 10 ಮತ್ತು 11ರಲ್ಲಿ ಶಟ್ ಡೌನ್ ಕೊಟ್ಟಾಗ, ಮರುದಿನ ಬೇಗ ಏಳಲಿ ಎಂದು ಸಾಮಾನ್ಯವಾಗಿ ಸ್ವಲ್ಪ ಭಾಗವನ್ನು ಹಾಗೆಯೇ ಉಳಿಸಿಕೊಂಡು ಮಲಗುತ್ತದೆ. ಪೂರ್ತಿ ಹೊಸದಾಗಿ ಶುರುವಾಗುವುದು ರೀಸ್ಟಾರ್ಟ್ ಕೊಟ್ಟಾಗ. ವಾರಕ್ಕೊಮ್ಮೆ ಕೊಟ್ಟರೂ ವ್ಯತ್ಯಾಸ ಕಾಣುತ್ತದೆ.

ಅದಾದ ಮೇಲೂ ನಿಧಾನ ಇದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಈ ಮೂರೂ ಕೀಲಿಯನ್ನು ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಎಂಬ ಪಟ್ಟಿ ತೆರೆಯುತ್ತದೆ. ಚಿಕ್ಕದಾಗಿ ಬಂದರೆ ಕೆಳಗಿನ 'ಮೋರ್ ಡೀಟೇಲ್ಸ್' ಒತ್ತಿ. ಇದು ನಮ್ಮ ಸಂಘದ ಲೆಡ್ಜರ್ ಇದ್ದ ಹಾಗೆ, ಯಾರು ಎಷ್ಟು ತಗೊಂಡಿದ್ದಾರೆ ಎಂದು ಬರೆದಿರುತ್ತದೆ. ಸಿಪಿಯು, ಮೆಮೊರಿ, ಡಿಸ್ಕ್ ಎಂಬ ಸಾಲುಗಳ ಮೇಲೆ ನೂರಕ್ಕೆ ಎಷ್ಟು ಎಂಬ ಅಂಕಿ ಇರುತ್ತದೆ. ಲ್ಯಾಪ್‌ಟಾಪ್ ಆನ್ ಆಗಿ ಹತ್ತು ನಿಮಿಷ ಕಳೆದ ಮೇಲೆ, ನೀವೇನೂ ಮಾಡದೆ ಇರುವಾಗ ಈ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಅಂಗಡಿಗೆ ಹೋಗುವುದಾದರೆ ಆ ಚೀಟಿ ಕೈಯಲ್ಲಿರಲಿ. ಗೊತ್ತಿಲ್ಲದವರು ಬಂದಿದ್ದಾರೆ ಎಂದು ಯಾರಿಗೂ ಅನಿಸಬಾರದು.

ಮೆಮೊರಿ 90ರ ಹತ್ತಿರ ಇದ್ದರೆ ಕಟ್ಟೆ ತುಂಬಿದೆ ಎಂದರ್ಥ. ಬ್ರೌಸರ್‌ನಲ್ಲಿ ಇಪ್ಪತ್ತು ಪುಟ ತೆರೆದಿಡುವ ಅಭ್ಯಾಸ ಮಕ್ಕಳಿಗಿದೆ, ಬೇಡದ್ದನ್ನು ಮುಚ್ಚಲಿ. ಅದೇ ಟಾಸ್ಕ್ ಮ್ಯಾನೇಜರಿನಲ್ಲಿ ಸ್ಟಾರ್ಟಪ್ ಎಂಬ ವಿಭಾಗ ಉಂಟು. ಕರೆಯದೆಯೇ ಬೆಳಿಗ್ಗೆ ಬಂದು ಜಗಲಿಯಲ್ಲಿ ಕೂರುವವರ ಪಟ್ಟಿ ಅದು. ಆಟ, ಹಾಡು, ಮೀಟಿಂಗ್ ಪ್ರೋಗ್ರಾಂಗಳನ್ನು ಅಲ್ಲಿ 'ಡಿಸೇಬಲ್' ಮಾಡಿದರೆ ಅಳಿಸಿ ಹೋಗುವುದಿಲ್ಲ, ಬೇಕಾದಾಗ ನಾವೇ ತೆರೆಯಬಹುದು. ಹೆಸರು ಗುರುತಿಲ್ಲದ್ದನ್ನು ಮುಟ್ಟಬೇಡಿ. ಎರಡು ಆಂಟಿವೈರಸ್ ಇದ್ದರೆ ಒಂದನ್ನು ತೆಗೆಸಿ. ವಿಂಡೋಸ್‌ನ ಒಳಗೇ ಒಂದು ಇದೆ, ಕೊಂಡಾಗ ಕೊಟ್ಟು ಅವಧಿ ಮುಗಿದು ಹೋದದ್ದು ಸುಮ್ಮನೆ ಜಾಗ ಹಿಡಿದು ಕೂತಿರುತ್ತದೆ.

ಉಗ್ರಾಣ ತುಂಬಿದರೂ ತೊಂದರೆಯೇ. ಡಿಸ್ಕ್‌ನಲ್ಲಿ ಐದರಲ್ಲಿ ಒಂದು ಪಾಲಾದರೂ ಖಾಲಿ ಇರಲಿ. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಸ್ಟೋರೇಜ್, ಟೆಂಪರರಿ ಫೈಲ್ಸ್ ಎಂದು ಹೋಗಿ ಕಸ ಗುಡಿಸಬಹುದು. ಒಂದು ಎಚ್ಚರ: ಆ ಪಟ್ಟಿಯಲ್ಲಿ 'ಡೌನ್‌ಲೋಡ್ಸ್' ಎಂಬುದೂ ಇರುತ್ತದೆ. ಅದಕ್ಕೆ ಟಿಕ್ ಹಾಕಿದರೆ ಮಕ್ಕಳು ಇಳಿಸಿಕೊಂಡ ಹಾಲ್ ಟಿಕೆಟ್, ನೋಟ್ಸ್ ಎಲ್ಲ ಕಸದ ಜೊತೆ ಹೋಗುತ್ತವೆ.

ಈಗ ಆ ಸದಸ್ಯೆಯ ಮನೆಯ ಲ್ಯಾಪ್‌ಟಾಪ್ ವಿಷಯ. ಅದರಲ್ಲಿ ಮೆಮೊರಿ ಅಷ್ಟೇನೂ ತುಂಬಿರಲಿಲ್ಲ, ಆದರೆ ಡಿಸ್ಕ್ ಮಾತ್ರ ನೂರಕ್ಕೆ ನೂರು ತೋರಿಸುತ್ತಾ ನಿಂತಿತ್ತು. ಪರ್ಫಾರ್ಮೆನ್ಸ್ ಎಂಬ ವಿಭಾಗದಲ್ಲಿ ನೋಡಿದಾಗ ಡಿಸ್ಕ್‌ನ ಬಗೆ ಎಚ್‌ಡಿಡಿ ಎಂದಿತ್ತು. ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಇರುವುದು ಇದೇ ಹಾರ್ಡ್ ಡಿಸ್ಕ್. ಒಳಗೆ ಬೀಸುವ ಕಲ್ಲಿನ ಹಾಗೆ ತಿರುಗುವ ತಟ್ಟೆ, ಹೆಚ್ಚಿನವುಗಳಲ್ಲಿ ನಿಮಿಷಕ್ಕೆ 5,400 ಸುತ್ತು. ಬೇಕಾದ ಫೈಲು ಇರುವ ಜಾಗ ತಿರುಗಿ ಬರುವವರೆಗೆ ಕಾಯಬೇಕು. ಈಗ ಬರುವ ಎಸ್‌ಎಸ್‌ಡಿಯಲ್ಲಿ ತಿರುಗುವುದೇ ಇಲ್ಲ, ಕೈ ಹಾಕಿದರೆ ಸಿಗುತ್ತದೆ. ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕುವುದು ಹಳೆಯ ಲ್ಯಾಪ್‌ಟಾಪ್‌ಗೆ ಮಾಡಬಹುದಾದ ಅತ್ಯಂತ ಉಪಯುಕ್ತ ರಿಪೇರಿ. ರ‍್ಯಾಮ್ 4 ಜಿಬಿ ಇದ್ದರೆ 8 ಮಾಡಿಸಬಹುದು, ಆದರೆ ಕೆಲವು ಮಾಡೆಲ್‌ಗಳಲ್ಲಿ ಅದನ್ನು ಬೆಸುಗೆ ಹಾಕಿರುತ್ತಾರೆ, ಬದಲಿಸಲು ಆಗುವುದಿಲ್ಲ. ಇವುಗಳ ದರ ಏರಿಳಿಯುತ್ತಿರುತ್ತದೆ. ಎರಡು ಅಂಗಡಿಯಲ್ಲಿ ಕೇಳಿ, ಕೂಲಿ ಸೇರಿ ಎಷ್ಟು ಎಂದು ಬರೆಸಿಕೊಳ್ಳಿ.

ಡಿಸ್ಕ್‌ನಿಂದ ಟಕ್ ಟಕ್ ಶಬ್ದ ಬರುತ್ತಿದ್ದರೆ, ನಿನ್ನೆ ತೆರೆದ ಫೈಲು ಇವತ್ತು ತೆರೆಯದಿದ್ದರೆ ಸ್ವಚ್ಛ ಮಾಡುವ ಕೆಲಸವನ್ನೆಲ್ಲ ಬಿಟ್ಟು ಮೊದಲು ಬೇಕಾದ್ದನ್ನು ಪೆನ್ ಡ್ರೈವ್‌ಗೆ ತೆಗೆಯಿರಿ. ಡಿಸ್ಕ್ ಸಾಯುವ ಲಕ್ಷಣ ಅದು. ಒಂದು ಒಕ್ಕೂಟದ ಮೂರು ವರ್ಷದ ಲೆಕ್ಕ ಹೀಗೆ ಹೋದದ್ದನ್ನು ನಾವು ಕಂಡಿದ್ದೇವೆ. ಪುಸ್ತಕ ಇದ್ದದ್ದರಿಂದ ಮತ್ತೆ ಬರೆಯಲು ಆಯಿತು, ಆದರೆ ಇಬ್ಬರು ಹೆಂಗಸರು ಒಂದು ತಿಂಗಳು ಅದರಲ್ಲೇ ಕೂತರು.

ಹಾಸಿಗೆ ಮೇಲೆ ಇಟ್ಟು ಕೆಲಸ ಮಾಡುವುದು ಬೇಡ. ಗಾಳಿಯ ಕಿಂಡಿ ಮುಚ್ಚಿ ಬಿಸಿಯಾದರೆ ಪ್ರೊಸೆಸರ್ ತಾನಾಗಿಯೇ ವೇಗ ಕಡಿಮೆ ಮಾಡಿಕೊಳ್ಳುತ್ತದೆ. ಫ್ಯಾನಿನ ಧೂಳು ತೆಗೆಸಲು ಹೆಚ್ಚು ಖರ್ಚಿಲ್ಲ.

ನಿಧಾನವಾಗಿದೆ ಎಂಬ ಚಿಂತೆಯಲ್ಲಿ ಇರುವವರನ್ನೇ ಹಿಡಿಯುವ ಮೋಸಗಾರರಿದ್ದಾರೆ. "ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ, ಈ ನಂಬರಿಗೆ ಫೋನ್ ಮಾಡಿ" ಎಂದು ಕೆಂಪು ಅಕ್ಷರದಲ್ಲಿ ಬಂದರೆ ಫೋನ್ ಮಾಡಬೇಡಿ. ಫೋನಿನಲ್ಲಿ ಹೇಳಿಕೊಟ್ಟ ಪ್ರೋಗ್ರಾಂ ಹಾಕಿಕೊಂಡರೆ ನಮ್ಮ ಲ್ಯಾಪ್‌ಟಾಪ್ ಅವರ ಕೈಯಲ್ಲಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ.

ವಿಂಡೋಸ್ 10ಕ್ಕೆ ಮಾಮೂಲಿ ಸುರಕ್ಷತಾ ಅಪ್ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ನಿಧಾನಕ್ಕೆ ಅದು ಕಾರಣ ಅಲ್ಲ, ಆದರೆ ಬ್ಯಾಂಕ್ ಕೆಲಸ ಮಾಡುವವರು ಯೋಚಿಸಬೇಕು. ವಿಂಡೋಸ್ 11ಕ್ಕೆ ಕಡಿಮೆಯೆಂದರೆ 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಜೊತೆಗೆ ಟಿಪಿಎಂ ಎಂಬ ಚಿಪ್ ಬೇಕು. ಹಳೆಯ ಎಷ್ಟೋ ಲ್ಯಾಪ್‌ಟಾಪ್‌ಗಳಿಗೆ ಅದು ಹಿಡಿಸುವುದಿಲ್ಲ. ಅಂಥವಕ್ಕೆ ಲಿನಕ್ಸ್ ಹಾಕಿಸಬಹುದು, ಅದಕ್ಕೆ ದುಡ್ಡಿಲ್ಲ. ಪಕ್ಕದ ಕೇರಳದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ಕಲಿಯುವುದು ಅದರಲ್ಲೇ. ಆದರೆ ಸಂಘದ ವರದಿಗಳನ್ನು ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದರೆ ಮೊದಲೇ ಯೂನಿಕೋಡ್‌ಗೆ ಬದಲಿಸಿಕೊಳ್ಳಿ, ಇಲ್ಲದಿದ್ದರೆ ಅಕ್ಷರದ ಬದಲು ಬರೀ ಗೀಟು ಗೆರೆ ಕಾಣುತ್ತದೆ.

ರಿಪೇರಿಗೆ ಕೊಡುವಾಗ ಫೈಲುಗಳ ನಕಲು ತೆಗೆದಿಟ್ಟು ಕೊಡಿ. ಹಳೆಯ ಡಿಸ್ಕ್ ಅಂಗಡಿಯಲ್ಲೇ ಬಿಟ್ಟು ಬರಬೇಡಿ. ಅದರಲ್ಲಿ ಆಧಾರ್ ಪ್ರತಿ, ಪಾಸ್‌ಬುಕ್ ಫೋಟೊ, ಸದಸ್ಯರ ಸಾಲದ ಪಟ್ಟಿ ಎಲ್ಲ ಇರುತ್ತದೆ.

ಆ ಸದಸ್ಯೆ ಕೊನೆಗೆ ಪಡೆದದ್ದು 5,000 ರೂಪಾಯಿ ಸಾಲ. ಎಸ್‌ಎಸ್‌ಡಿ, ಧೂಳು ತೆಗೆದ ಕೂಲಿ ಎಲ್ಲ ಸೇರಿ ಅದರೊಳಗೇ ಮುಗಿಯಿತು. ಹಳೆಯ ಡಿಸ್ಕ್‌ಗೆ ಒಂದು ಕವರ್ ಹಾಕಿಸಿ, ಸಂಘದ ಲೆಕ್ಕದ ಇನ್ನೊಂದು ಪ್ರತಿಯನ್ನು ಅದರಲ್ಲಿ ಇಟ್ಟುಕೊಂಡಿದ್ದಾರೆ. ಅದೊಂದನ್ನೇ ನಂಬಿಲ್ಲ, ಪೆನ್ ಡ್ರೈವ್ ಬೇರೆ ಪ್ರತಿನಿಧಿಯ ಮನೆಯ ಟ್ರಂಕಿನಲ್ಲಿದೆ.