ಬುಲ್‌ಪೆನ್‌ಗೆ ಹೋದ ಎಡಗೈ

ಬೇಸ್‌ಬಾಲ್ ಬಗ್ಗೆ ಬರೆಯುತ್ತೇನೆ ಎಂದಾಗ ತರಗತಿಯ ಗೆಳೆಯರು ನಕ್ಕರು. ಅವರಲ್ಲಿ ಒಬ್ಬನೂ ಒಂದು ಪೂರ್ತಿ ಪಂದ್ಯ ನೋಡಿಲ್ಲ. ನಾನು ನೋಡಲು ಶುರುಮಾಡಿದ್ದು ಒಂದೇ ಕಾರಣಕ್ಕೆ. ನಾನು ಎಡಚ. ಮನೆಯಲ್ಲಿ ದಾದಿ ಇಂದಿಗೂ ಅದನ್ನು 'ಉಲ್ಟಾ ಹಾತ್' ಎನ್ನುತ್ತಾರೆ. ಊಟಕ್ಕೆ ಬಲಗೈ, ಬರೆಯಲು ಎಡಗೈ ಎಂದು ನಮ್ಮಿಬ್ಬರ ನಡುವೆ ರಾಜಿಯಾಗಿದೆ. ಅಮೆರಿಕದ ಈ ಆಟದಲ್ಲಿ ಎಡಗೈ ಎಸೆತಗಾರನಿಗಾಗಿ ತಂಡಗಳು ಹುಡುಕಾಡುತ್ತವೆ, ದುಡ್ಡು ಸುರಿಯುತ್ತವೆ ಎಂದು ಗೊತ್ತಾದ ಮೇಲೆ ಬಿಡಲಾಗಲಿಲ್ಲ. ಹಾಗೆ ಸಿಕ್ಕವರು ಆಂಡ್ರ್ಯೂ ಮಿಲ್ಲರ್.

ಮೊದಲು ಆಟದ ಒಂದು ವಿಷಯ ಹೇಳಬೇಕು. ಬೇಸ್‌ಬಾಲಿನಲ್ಲಿ ಚೆಂಡು ಎಸೆಯುವವನು ಪಿಚರ್. ಪಂದ್ಯಕ್ಕೆ ಒಂಬತ್ತು ಇನ್ನಿಂಗ್ಸ್. ಪಂದ್ಯ ಆರಂಭಿಸುವವನು ಸ್ಟಾರ್ಟರ್. ನೂರರ ಹತ್ತಿರ ಎಸೆತ ಎಸೆದು, ನಾಲ್ಕೈದು ದಿನ ವಿಶ್ರಾಂತಿ ಪಡೆದು ಮತ್ತೆ ಬರುತ್ತಾನೆ. ಅವನು ದಣಿದಾಗ ಬರುವವನು ರಿಲೀವರ್. ಒಂದು ಇನ್ನಿಂಗ್ಸ್, ಹದಿನೈದಿಪ್ಪತ್ತು ಎಸೆತ, ಕೆಲಸ ಮುಗಿಯಿತು. ರಿಲೀವರುಗಳು ತಮ್ಮ ಸರದಿಗಾಗಿ ಕಾಯುವ, ಕೈ ಬಿಸಿಮಾಡಿಕೊಳ್ಳುವ ಜಾಗಕ್ಕೆ ಬುಲ್‌ಪೆನ್ ಎನ್ನುತ್ತಾರೆ. ಕ್ರಿಕೆಟಿನಂತೆ ಹಳೆಯ ಬೌಲರನ್ನು ಇನ್ನೊಂದು ಸ್ಪೆಲ್ಲಿಗೆ ಕರೆಯುವಂತಿಲ್ಲ. ಒಮ್ಮೆ ಆಟದಿಂದ ಹೊರಬಂದವನಿಗೆ ಆ ದಿನ ಮತ್ತೆ ಪ್ರವೇಶವಿಲ್ಲ.

ಎಡಗೈಗೆ ಯಾಕಿಷ್ಟು ಬೆಲೆ? ಎಡಗೈ ಬ್ಯಾಟರಿಗೆ ಎಡಗೈ ಪಿಚರ್ ಎಸೆದರೆ ಚೆಂಡು ಬೆನ್ನ ಹಿಂದಿನಿಂದ ಬಂದಂತೆ ಕಾಣುತ್ತದೆ. ಸ್ಲೈಡರ್ ಎಂಬ ಎಸೆತ ಕೊನೆಯಲ್ಲಿ ಅವನಿಂದ ದೂರ ಸರಿಯುತ್ತದೆ. ನಮ್ಮಲ್ಲಿ ಎಡಗೈ ಸ್ಪಿನ್ನರ್ ಬಲಗೈ ಬ್ಯಾಟರಿಂದ ಚೆಂಡನ್ನು ಆಚೆ ತಿರುಗಿಸುತ್ತಾನಲ್ಲ, ಆ ತೊಂದರೆಯೇ, ಆದರೆ ಬಹಳ ವೇಗದಲ್ಲಿ. ಒಬ್ಬನೇ ಒಬ್ಬ ಎಡಗೈ ಬ್ಯಾಟರನ್ನು ಔಟ್ ಮಾಡಲೆಂದೇ ತಂಡಗಳು ಒಬ್ಬ ಪಿಚರನ್ನು ಇಟ್ಟುಕೊಳ್ಳುತ್ತಿದ್ದ ಕಾಲವಿತ್ತು. 2020ರಲ್ಲಿ ನಿಯಮ ಬದಲಾಯಿತು. ಈಗ ಬಂದವನು ಕನಿಷ್ಠ ಮೂವರು ಬ್ಯಾಟರುಗಳನ್ನು ಎದುರಿಸಬೇಕು, ಇಲ್ಲವೇ ಆ ಇನ್ನಿಂಗ್ಸ್ ಮುಗಿಸಬೇಕು.

ಮಿಲ್ಲರ್ ಹುಟ್ಟಿದ್ದು 1985ರಲ್ಲಿ, ಫ್ಲೋರಿಡಾದ ಗೇನ್ಸ್‌ವಿಲ್‌ನಲ್ಲಿ. ಎತ್ತರ ಆರು ಅಡಿ ಏಳು ಅಂಗುಲ. ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ಆಡುತ್ತಿದ್ದ ಅವರನ್ನು 2006ರ ಡ್ರಾಫ್ಟಿನಲ್ಲಿ ಡೆಟ್ರಾಯಿಟ್ ಟೈಗರ್ಸ್ ಆರನೆಯವರಾಗಿ ಆರಿಸಿಕೊಂಡಿತು. ಏಳನೆಯವರಾಗಿ ಆಯ್ಕೆಯಾದವರು ಕ್ಲೇಟನ್ ಕರ್ಷಾ. ಅವರೂ ಎಡಗೈ, ಮುಂದೆ ತಮ್ಮ ಪೀಳಿಗೆಯ ಅತ್ಯುತ್ತಮ ಸ್ಟಾರ್ಟರುಗಳಲ್ಲಿ ಒಬ್ಬರಾದರು. ಈ ಹೋಲಿಕೆ ಮಿಲ್ಲರರನ್ನು ವರ್ಷಗಟ್ಟಲೆ ಕಾಡಿರಬೇಕು. ನಮ್ಮಲ್ಲಿ ಪಕ್ಕದ ಮನೆಯವರ ಮಗನ ಅಂಕಪಟ್ಟಿ ಕಾಡುವಂತೆ.

ಆಯ್ಕೆಯಾದ ಕೆಲವೇ ತಿಂಗಳಲ್ಲಿ, ಅದೇ ಆಗಸ್ಟಿನಲ್ಲಿ, ನ್ಯೂಯಾರ್ಕಿನ ಯಾಂಕಿ ಸ್ಟೇಡಿಯಮ್ಮಿನಲ್ಲಿ ಅವರ ಮೊದಲ ಮೇಜರ್ ಲೀಗ್ ಪಂದ್ಯ. 2007ರ ಡಿಸೆಂಬರಿನಲ್ಲಿ ಅವರನ್ನೂ ಇನ್ನೈವರನ್ನೂ ಫ್ಲೋರಿಡಾ ಮಾರ್ಲಿನ್ಸ್‌ಗೆ ಕೊಟ್ಟ ಡೆಟ್ರಾಯಿಟ್, ಬದಲಿಗೆ ಮಿಗೆಲ್ ಕಬ್ರೇರಾ ಮತ್ತು ಡಾಂಟ್ರೆಲ್ ವಿಲ್ಲಿಸರನ್ನು ಪಡೆಯಿತು. ಕಬ್ರೇರಾ ಏನಾದರು ಎಂದು ಬೇಸ್‌ಬಾಲ್ ಬಲ್ಲವರಿಗೆಲ್ಲ ಗೊತ್ತು. ಮಿಲ್ಲರ್ ಮಾತ್ರ ಎಡವುತ್ತಲೇ ಹೋದರು. ಚೆಂಡಿನಲ್ಲಿ ವೇಗವಿತ್ತು, ಹಿಡಿತವಿರಲಿಲ್ಲ. ಒಂಬತ್ತು ಇನ್ನಿಂಗ್ಸಿಗೆ ಪಿಚರ್ ಸರಾಸರಿ ಎಷ್ಟು ರನ್ ಕೊಡುತ್ತಾನೆ ಎಂಬ ಲೆಕ್ಕಕ್ಕೆ ಇಆರ್‌ಎ ಎನ್ನುತ್ತಾರೆ, ಕಡಿಮೆಯಿದ್ದಷ್ಟು ಒಳ್ಳೆಯದು. 2008ರಲ್ಲಿ ಅವರದು 5.87. 2010ರಲ್ಲಿ 8.54. ಆಮೇಲೆ ಬಾಸ್ಟನ್ ಅವರನ್ನು ಪಡೆದು, ಕೈಬಿಟ್ಟು, ಮೈನರ್ ಲೀಗ್ ಒಪ್ಪಂದದಲ್ಲಿ ಮತ್ತೆ ಸೇರಿಸಿಕೊಂಡಿತು.

2012ರಲ್ಲಿ ಬಾಸ್ಟನ್ ಅವರನ್ನು ಪೂರ್ತಿಯಾಗಿ ಬುಲ್‌ಪೆನ್‌ಗೆ ಕಳುಹಿಸಿತು. ಸ್ಟಾರ್ಟರ್ ಆಗಲೆಂದು ಆರಿಸಿ ತಂದವನಿಗೆ ಇದು ಹಿಂಬಡ್ತಿ ಎಂದೇ ನೋಡಿದವರ ಲೆಕ್ಕ. ನಾನು ಕಾಮರ್ಸ್ ಸೇರಿದಾಗ ಮದುವೆಮನೆಯಲ್ಲಿ ಖಾಲಾ ಕೇಳಿದ್ದರು, "ಯಾಕೆ ಬೇಟಾ, ಸೈನ್ಸ್ ಸಿಗಲಿಲ್ವಾ?" ಸಿಕ್ಕಿತ್ತು, ಬೇಡವೆಂದೆ ಎಂದರೆ ಇಂದಿಗೂ ಅವರು ನಂಬುವುದಿಲ್ಲ. ಹಾಗಾಗಿ ಮಿಲ್ಲರರ ಕಥೆಯಲ್ಲಿ ನಾನು ಹೆಚ್ಚು ಹೊತ್ತು ನಿಲ್ಲುವುದು ಈ ವರ್ಷದ ಬಳಿಯೇ.

ಬದಲಾಗಿದ್ದು ಕೈಯಲ್ಲ, ಕೆಲಸದ ಅಳತೆ. ಸ್ಟಾರ್ಟರ್ ಅದೇ ಬ್ಯಾಟರನ್ನು ಒಂದು ದಿನದಲ್ಲಿ ಎರಡು ಮೂರು ಸಲ ಎದುರಿಸಬೇಕು; ಅಷ್ಟರಲ್ಲಿ ಬ್ಯಾಟರಿಗೆ ಅವನ ಗುಟ್ಟು ತಿಳಿದಿರುತ್ತದೆ. ಅದಕ್ಕೆ ಮೂರು ನಾಲ್ಕು ಬಗೆಯ ಎಸೆತ ಬೇಕು, ಶಕ್ತಿಯನ್ನೂ ಉಳಿಸಿಕೊಳ್ಳಬೇಕು. ರಿಲೀವರಿಗೆ ಈ ಚಿಂತೆಯಿಲ್ಲ. ವೇಗದ ಎಸೆತ ಮತ್ತು ಸ್ಲೈಡರ್, ಎರಡೇ ಸಾಕು. ಮಿಲ್ಲರರ ಸ್ಲೈಡರ್ ಎಷ್ಟು ತಿರುಗುತ್ತಿತ್ತೆಂದರೆ ಬಲಗೈ ಬ್ಯಾಟರುಗಳೂ ಅದಕ್ಕೆ ಬೀಸಿ ಸೋಲುತ್ತಿದ್ದರು. 2014ರಲ್ಲಿ ಇಆರ್‌ಎ 2.02. ಆ ಡಿಸೆಂಬರಿನಲ್ಲಿ ನ್ಯೂಯಾರ್ಕ್ ಯಾಂಕೀಸ್ ನಾಲ್ಕು ವರ್ಷಕ್ಕೆ 3.6 ಕೋಟಿ ಡಾಲರಿನ ಒಪ್ಪಂದ ಮಾಡಿಕೊಂಡಿತು. ಮುಂದಿನ ವರ್ಷ 36 ಪಂದ್ಯಗಳಲ್ಲಿ ತಂಡದ ಮುನ್ನಡೆಯನ್ನು ಕೊನೆಯವರೆಗೆ ಕಾಪಾಡಿ, ಅಮೆರಿಕನ್ ಲೀಗಿನ ಶ್ರೇಷ್ಠ ರಿಲೀವರ್ ಪ್ರಶಸ್ತಿ ಪಡೆದರು.

2016 ಅವರ ವರ್ಷ. 123 ಬ್ಯಾಟರುಗಳನ್ನು ಸ್ಟ್ರೈಕ್‌ಔಟ್ ಮಾಡಿ, ಒಂಬತ್ತೇ ಒಂಬತ್ತು ಜನರಿಗೆ ವಾಕ್ ಕೊಟ್ಟರು. ಹಿಡಿತವಿಲ್ಲ ಎಂದು ಬೈಸಿಕೊಂಡಿದ್ದ ಅದೇ ಎಡಗೈ! ಜುಲೈ ಕೊನೆಯಲ್ಲಿ ಕ್ಲೀವ್‌ಲ್ಯಾಂಡ್ ತಂಡ ನಾಲ್ವರು ಎಳೆಯ ಆಟಗಾರರನ್ನು ಕೊಟ್ಟು ಅವರನ್ನು ತಂದಿತು. ಆ ನಾಲ್ವರಲ್ಲಿ ಜಸ್ಟಸ್ ಶೆಫೀಲ್ಡ್ ಎಂಬ ಎಡಗೈ ಪಿಚರೂ ಇದ್ದರು. ಒಂದು ಕಾಲಕ್ಕೆ ಮಿಲ್ಲರ್ ಇದ್ದ ಜಾಗದಲ್ಲಿ ಈಗ ಇನ್ನೊಬ್ಬ.

ಒಳ್ಳೆಯ ರಿಲೀವರನ್ನು ಒಂಬತ್ತನೇ ಇನ್ನಿಂಗ್ಸಿಗೆ ಇಟ್ಟುಕೊಳ್ಳುವುದು ರೂಢಿ. ಕ್ಲೀವ್‌ಲ್ಯಾಂಡಿನ ಮ್ಯಾನೇಜರ್ ಟೆರಿ ಫ್ರಾಂಕೋನಾ ಅದನ್ನು ಮುರಿದರು. ಅಕ್ಟೋಬರಿನ ನಾಕೌಟ್ ಸರಣಿಯ ಮೊದಲ ಪಂದ್ಯ, ಎದುರಾಳಿ ಹಳೆಯ ಬಾಸ್ಟನ್. ಐದನೇ ಇನ್ನಿಂಗ್ಸಿನಲ್ಲೇ ಮಿಲ್ಲರರನ್ನು ಕರೆದರು. ಅಪಾಯ ಈಗ ಇದ್ದರೆ ಒಳ್ಳೆಯವನೂ ಈಗಲೇ ಬರಲಿ ಎಂಬ ಲೆಕ್ಕ. ಕ್ಲೀವ್‌ಲ್ಯಾಂಡ್ 5-4ರಿಂದ ಗೆದ್ದಿತು. ಮುಂದಿನ ಸುತ್ತಿನಲ್ಲಿ ಟೊರಾಂಟೊ ವಿರುದ್ಧ 14 ಸ್ಟ್ರೈಕ್‌ಔಟ್ ಪಡೆದು ಸರಣಿಶ್ರೇಷ್ಠರಾದರು. ವರ್ಲ್ಡ್ ಸೀರೀಸ್ ಮಾತ್ರ ಕೈತಪ್ಪಿತು. ಏಳನೇ ಪಂದ್ಯದಲ್ಲಿ ಷಿಕಾಗೊ ಕಬ್ಸ್ ಪರ ಕೊನೆಯ ಪಂದ್ಯ ಆಡುತ್ತಿದ್ದ ಡೇವಿಡ್ ರಾಸ್ ಅವರ ಚೆಂಡನ್ನು ಹೋಮ್ ರನ್‌ಗೆ ಬಾರಿಸಿದರು. ಕಬ್ಸ್ 8-7ರಿಂದ ಗೆದ್ದಿತು.

ಆಮೇಲೆ ಗಾಯಗಳು, ಸೇಂಟ್ ಲೂಯಿಸ್ ಕಾರ್ಡಿನಲ್ಸ್‌ನಲ್ಲಿ ಕೊನೆಯ ಮೂರು ವರ್ಷ. ಒಟ್ಟು 612 ಪಂದ್ಯ, 55 ಗೆಲುವು, 55 ಸೋಲು, ಇಆರ್‌ಎ 4.03. ಸ್ಟಾಟಿಸ್ಟಿಕ್ಸ್ ಕ್ಲಾಸಿನಲ್ಲಿ ಸರಾಸರಿ ಮೋಸ ಮಾಡುತ್ತದೆ ಎನ್ನುತ್ತಾರಲ್ಲ, ಅದಕ್ಕೆ ಈ 4.03ಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಮೊದಲಿನ ಕೆಟ್ಟ ವರ್ಷಗಳೂ ನಂತರದ ಅದ್ಭುತ ವರ್ಷಗಳೂ ಸೇರಿ ಯಾವ ವರ್ಷದ ಮಿಲ್ಲರರನ್ನೂ ತೋರಿಸದ ಒಂದು ಸಂಖ್ಯೆಯಾಗಿಬಿಟ್ಟಿವೆ.

2021ರ ಡಿಸೆಂಬರಿನಲ್ಲಿ ತಂಡಗಳ ಮಾಲೀಕರು ಲಾಕೌಟ್ ಘೋಷಿಸಿದಾಗ, ಆಟಗಾರರ ಸಂಘದ ಕಾರ್ಯಕಾರಿ ಉಪಸಮಿತಿಯಲ್ಲಿ ಮಿಲ್ಲರ್ ಇದ್ದರು. 99 ದಿನಗಳ ನಂತರ ಒಪ್ಪಂದವಾಯಿತು. ಆಟಗಾರರ ಕನಿಷ್ಠ ವಾರ್ಷಿಕ ಸಂಬಳ 5,70,500 ಡಾಲರಿನಿಂದ 7 ಲಕ್ಷ ಡಾಲರಿಗೆ ಏರಿತು. ಅದೇ ಮಾರ್ಚ್ ತಿಂಗಳಲ್ಲಿ, ಹೊಸ ಒಪ್ಪಂದದಡಿ ಒಂದು ಪಂದ್ಯವನ್ನೂ ಆಡದೆ ಮಿಲ್ಲರ್ ನಿವೃತ್ತರಾದರು.