ಎ.ಸಿ. ಪೈಪು ಮುಚ್ಚೋ ಮುಂದ ನೀರಿನ ದಾರಿ ನೋಡ್ರಿ

ಎ.ಸಿ. ಹಾಕಿಸಿದ ಮೇಲೆ ಮನೆ ಮುಂದಿನ ಗೋಡೆ ತುಂಬ ಪೈಪು, ವೈರು ಜೋತಾಡ್ತಾವ. ಅವನ್ನ ಮರೆಮಾಡೋದು ಹೆಂಗ? ಇವತ್ತು ಅದನ್ನೇ ಹೇಳ್ತೀನಿ.

ಆ ಕಟ್ಟಿನೊಳಗೆ ಗ್ಯಾಸ್ ಓಡಾಡುವ 2 ತಾಮ್ರದ ಪೈಪು, ಕರೆಂಟ್ ವೈರು, ಒಂದು ನೀರಿನ ಪೈಪು ಇರುತ್ತವೆ. ತಾಮ್ರದ ಪೈಪು, ವೈರು ಮೇಲೆ, ಕೆಳಗೆ ಎತ್ತ ಬೇಕಾದರೂ ಹೋಗಬಹುದು. ನೀರಿನ ಪೈಪು ಮಾತ್ರ ಇಳಿಜಾರಾಗೇ ಹೋಗಬೇಕು, ಮೀಟರಿಗೆ ಕನಿಷ್ಠ 1 ಸೆಂಟಿಮೀಟರ್. ಚಂದ ಕಾಣಲಿ ಅಂತ ಮಟ್ಟಸವಾಗಿ ಕೂಡಿಸಿದರೆ ನೀರು ನಿಂತು ವಾಪಸ್ ರೂಮಿಗೇ ಸೋರುತ್ತದೆ.

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆ ಕಲ್ಲು-ಮಣ್ಣಿನ ಹಳೆ ಮನೆಗಳು ಇನ್ನೂ ಅದಾವ. ಅಂಥ ಗೋಡೆ ಕೊರೆದು ಪೈಪು ಹೂಳಬ್ಯಾಡ್ರಿ. ಒಳಗೇ ಸೋರಿದರೆ ಗೊತ್ತಾಗೋದಿಲ್ಲ, ಮಣ್ಣು ನೆನೆದು ಗೋಡೆ ಸಡಿಲಾಗುತ್ತದೆ. ಬದಲಿಗೆ ಗೋಡೆ ಮೇಲೆಯೇ, ಮುಚ್ಚಳ ತೆಗೆಯಲು ಬರುವಂಥ ಪಿವಿಸಿ ಪಟ್ಟಿ ಕೂಡಿಸಿ, ಗೋಡೆಯದೇ ಬಣ್ಣ ಹಚ್ಚಿಸಿ. ತಾಮ್ರದ ಮೇಲಿನ ಫೋಮು ಬಿಸಿಲಿಗೆ ಹರಿಯುವುದೂ ಇದರಿಂದ ತಪ್ಪುತ್ತದೆ. ಫೋಮು ಹರಿದರೆ ತಂಪು ದಾರಿಯಲ್ಲೇ ಹೋಗುತ್ತದೆ, ಬಿಲ್ಲು ಏರುತ್ತದೆ.

ಪಟ್ಟಿಯೊಳಗೆ ವೈರಿಗೆ ಜಾಯಿಂಟ್ ಇರಬಾರದು. ಜಾಯಿಂಟಿಗೆ ನೀರು ತಾಗಿದರೆ ಶಾಕ್ ಹೊಡೀತದ, ಜೀವಕ್ಕೇ ಅಪಾಯ. ಅರ್ಥಿಂಗ್ ಇದೆಯೇ ಅಂತ ಕೇಳಿಯೇ ನೋಡ್ರಿ. ಹೊರಗಿನ ಯೂನಿಟ್ಟನ್ನು ಮಾತ್ರ ಪೆಟ್ಟಿಗೆಯಲ್ಲಿ ಮುಚ್ಚಬ್ಯಾಡ್ರಿ. ಅದು ರೂಮಿನ ಬಿಸಿ ಹೊರಹಾಕುವ ಜಾಗ, ಗಾಳಿ ಆಡಲೇಬೇಕು.

ಕಡೆಗೆ ಒಂದು ಪರೀಕ್ಷೆ. ಪಟ್ಟಿಯ ಮುಚ್ಚಳ ಹಾಕುವ ಮೊದಲು, ಒಳಗಿನ ಯೂನಿಟ್ಟಿನ ಟ್ರೇಗೆ ಮೆಕ್ಯಾನಿಕ್ ಕೈಯಿಂದಲೇ ನಿಧಾನಕ್ಕೆ ಒಂದು ಲೀಟರ್ ನೀರು ಹಾಕಿಸಿ. ಎಲ್ಲೂ ತಡೆಯದೆ ಹೊರಗೆ ಬಂತಾ? ಹಂಗಾರ ಮುಚ್ಚಿಸ್ರಿ.