ಬಾರದೋ, ಬೇಕಿಲ್ಲವೋ?

ಹಳ್ಳಿಮೈಸೂರಿನಲ್ಲಿ ಬಸ್ಸಿಗೆ ಕಾಯುತ್ತ ನಿಂತ ಹೈಸ್ಕೂಲು ಹುಡುಗನೊಬ್ಬ, ‘ಹೊಳೆನರಸೀಪುರದ ಬಸ್ಸು ಆಗಲೇ ಹೋಗಿರಬೇಕು, ಇನ್ನೊಂದು ಬರಬಹುದು’ ಎನ್ನುತ್ತಾನೆ ಎಂದಿಟ್ಟುಕೊಳ್ಳಿ. ಮೊದಲನೆಯದು ಗಟ್ಟಿಯಾದ ಊಹೆ, ಎರಡನೆಯದು ಬರೀ ಸಾಧ್ಯತೆ. ಈ ಸೂಕ್ಷ್ಮವನ್ನು ಅವನಿಗೆ ಯಾರೂ ಕೂರಿಸಿ ಕಲಿಸಿಲ್ಲ. ಅದೇ ಹುಡುಗ ಇಂಗ್ಲಿಷ್ ತರಗತಿಯಲ್ಲಿ ಮಸ್ಟ್, ಮೇ, ಕ್ಯಾನ್‌ಗಳ ಮುಂದೆ ತಡವರಿಸುತ್ತಾನೆ. ‘ಷಿ ಕ್ಯಾನ್ ಸಿಂಗ್ಸ್’ ಎಂದು ಬರೆದು ಅಂಕ ಕಳೆದುಕೊಳ್ಳುತ್ತಾನೆ.

ಇವುಗಳಿಗೆ ಮೋಡಲ್ ಕ್ರಿಯಾಪದಗಳೆಂದು ಹೆಸರು. ಕೆಲಸ ನಡೆಯಿತೆಂದು ಇವು ಹೇಳುವುದಿಲ್ಲ. ಅದರ ಸಾಧ್ಯತೆ, ಅಗತ್ಯ, ಅನುಮತಿ, ಸಾಮರ್ಥ್ಯಗಳನ್ನು ತಿಳಿಸುತ್ತವೆ. ಕನ್ನಡದಲ್ಲಿ ಈ ಕೆಲಸಕ್ಕೆ ಬೇಕು, ಬಹುದು, ಬಾರದು, ಬಲ್ಲ ಇವೆಯಲ್ಲ!

ನಾನು ಹೋಗುತ್ತೇನೆ, ಅವಳು ಹೋಗುತ್ತಾಳೆ, ಅವರು ಹೋಗುತ್ತಾರೆ. ಕರ್ತೃ ಬದಲಾದಂತೆ ಕ್ರಿಯಾಪದದ ಬಾಲವೂ ಬದಲಾಯಿತು. ಆದರೆ ನಾನು ಹೋಗಬೇಕು, ಅವಳು ಹೋಗಬೇಕು, ಅವರು ಹೋಗಬೇಕು. ಬಾಲ ಅಲುಗಾಡಲಿಲ್ಲ. ಇಂಗ್ಲಿಷಿನಲ್ಲೂ ಹಾಗೆಯೇ: ‘ಷಿ ಗೋಸ್’, ಆದರೆ ‘ಷಿ ಮಸ್ಟ್ ಗೋ’. ಮಸ್ಟ್, ಮೇ, ಕ್ಯಾನ್‌ಗಳ ನಂತರ ಕ್ರಿಯಾಪದದ ಮೂಲರೂಪವೇ ಬರಬೇಕು. ‘ಎಸ್’ ಸೇರುವುದಿಲ್ಲ, ನಡುವೆ ‘ಟು’ ಕೂಡ ಬರುವುದಿಲ್ಲ.

ಬಲ್ಲ ಮಾತ್ರ ಬಲ್ಲೆ, ಬಲ್ಲಳು ಎಂದು ರೂಪ ಬದಲಿಸುತ್ತದೆ. ಅದರ ಕಥೆ ಇನ್ನೂ ಸ್ವಾರಸ್ಯ. ಬಲ್ಲ ಎಂದರೆ ತಿಳಿದವನು ಎಂದೂ ಅರ್ಥ, ಮಾಡಲು ಸಮರ್ಥ ಎಂದೂ ಅರ್ಥ. ಪ್ರಾಚೀನ ಇಂಗ್ಲಿಷಿನಲ್ಲಿ ಕ್ಯಾನ್‌ನ ಮೂಲಕ್ಕೂ ‘ತಿಳಿದಿರು’ ಎಂಬ ಅರ್ಥವೇ ಇತ್ತು! ಸಾಮರ್ಥ್ಯ ಅದರೊಳಗೇ ಇರುವಾಗ ‘ಐ ಕ್ಯಾನ್ ಏಬಲ್ ಟು ಡು’ ಎನ್ನುವುದು ತಪ್ಪು. ‘ಐ ಕ್ಯಾನ್ ಡು’ ಅಥವಾ ‘ಐ ಆಮ್ ಏಬಲ್ ಟು ಡು’, ಎರಡರಲ್ಲಿ ಒಂದು ಸಾಕು.

ನಿಜವಾದ ಅಪಾಯ ಇರುವುದು ‘ಮಸ್ಟ್ ನಾಟ್’ನಲ್ಲಿ. ಮಸ್ಟ್ ಎಂದರೆ ಬೇಕು, ನಾಟ್ ಎಂದರೆ ಇಲ್ಲ, ಆದ್ದರಿಂದ ‘ಬೇಕಿಲ್ಲ’ ಎಂದು ಮಕ್ಕಳು ಕೂಡಿಸಿಬಿಡುತ್ತಾರೆ. ಲೆಕ್ಕ ಸರಿಯಾಗಿಯೇ ಕಾಣುತ್ತದೆ, ಉತ್ತರ ಮಾತ್ರ ತಪ್ಪು. ಬೇಕಿಲ್ಲ ಎನ್ನಲು ‘ನೀಡ್ ನಾಟ್’ ಇದೆ. ‘ಮಸ್ಟ್ ನಾಟ್’ ಎಂದರೆ ಕೂಡದು, ಬಾರದು.

ಹಾಸನ ಜಿಲ್ಲೆ ಆಲೂಗೆಡ್ಡೆಗೆ ಹೆಸರಾದದ್ದು. ಹೊಲಕ್ಕೆ ಹೊಡೆಯುವ ಔಷಧಿಯ ಡಬ್ಬಿಯ ಮೇಲೆ ಇಂಗ್ಲಿಷ್ ಇದ್ದರೆ ಓದುವ ಕೆಲಸ ಶಾಲೆಗೆ ಹೋಗುವ ಮಗುವಿಗೇ ಬೀಳುತ್ತದೆ. ‘ಮಸ್ಟ್ ನಾಟ್ ಬಿ ಮಿಕ್ಸ್ಡ್’ ಎಂಬುದನ್ನು ಮಗ ‘ಬೆರೆಸಬೇಕಿಲ್ಲ’ ಎಂದು ಓದಿ ಹೇಳಿದರೆ, ಬೆರೆಸಿದರೂ ನಡೆದೀತು ಎಂದು ಅಪ್ಪ ತಿಳಿದಾನು. ಪರೀಕ್ಷೆಯಲ್ಲಿ ಹೋಗುವುದು ಒಂದು ಅಂಕ. ಇಲ್ಲಿ ಬೆಳೆಯೇ ಹೋದೀತು.

ರಜೆಯ ಅರ್ಜಿಯಲ್ಲಿ ‘ಯು ಮಸ್ಟ್ ಗ್ರಾಂಟ್ ಮಿ ಲೀವ್’ ಎಂದು ಬರೆಯುವವರೂ ಇದ್ದಾರೆ. ರಜೆ ಕೊಡಲೇಬೇಕೆಂದು ಹೆಡ್‌ಮಾಸ್ಟರಿಗೆ ಆಜ್ಞೆ ಮಾಡಿದಂತಾಯಿತು! ಕನ್ನಡದಲ್ಲಿ ಮರ್ಯಾದೆಗೆ ‘ನೀವು’ ಇದೆ. ಇಂಗ್ಲಿಷಿನಲ್ಲಿ ಎಲ್ಲರೂ ‘ಯು’. ಹಾಗಾಗಿ ವಿನಯದ ಭಾರವನ್ನು ‘ಕುಡ್ ಯು’, ‘ವುಡ್ ಯು’ಗಳೇ ಹೊರಬೇಕು. ಇಲ್ಲಿ ಅವು ಭೂತಕಾಲವಲ್ಲ ಎಂಬುದನ್ನು ಮಕ್ಕಳಿಗೆ ಬಿಡಿಸಿ ಹೇಳಬೇಕಾಗುತ್ತದೆ.

ಇಂಗ್ಲಿಷ್ ಬಾರದ ತಂದೆತಾಯಿಗಳೂ ಈ ಪಾಠಕ್ಕೆ ನೆರವಾಗಬಲ್ಲರು. ಮಗು ಡಬ್ಬಿಯ ಚೀಟಿ ಓದಿ ಅರ್ಥ ಹೇಳಿದಾಗ ಒಂದು ಪ್ರಶ್ನೆ ಕೇಳಿದರೆ ಸಾಕು: ‘ಬೆರೆಸಬಾರದು ಅಂತಿದೆಯೋ, ಬೆರೆಸಬೇಕಿಲ್ಲ ಅಂತಿದೆಯೋ, ಇನ್ನೊಂದು ಸಲ ನೋಡಪ್ಪ.’